ಹಾವುಮೀನಿನ ಹೆಸರಿನ ಕೆರೆ, ಹೊರಗಿನಿಂದ ಬಂದ ನೆಂಟರು

ನ್ಯೂಜಿಲೆಂಡಿನ ಅತಿದೊಡ್ಡ ನಗರವಾದ ಆಕ್ಲೆಂಡ್‌ನ ಕೇಂದ್ರಭಾಗದಿಂದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ, ಮೃಗಾಲಯಕ್ಕೂ ಹೆದ್ದಾರಿಗೂ ನಡುವೆ, ವಿಶಾಲವಾದ ಹುಲ್ಲುಹಾಸು ಮತ್ತು ಎತ್ತರದ ಮರಗಳಿಂದ ಸುತ್ತುವರಿದ ಕೆರೆಯೊಂದಿದೆ. ಇಂಗ್ಲಿಷಿನಲ್ಲಿ ಅದರ ಹೆಸರು ವೆಸ್ಟರ್ನ್ ಸ್ಪ್ರಿಂಗ್ಸ್. ಅಂದರೆ ಪಶ್ಚಿಮದ ಒರತೆಗಳು. ಆ ನಾಡಿನ ಮೂಲನಿವಾಸಿಗಳಾದ ಮಾವೋರಿ ಜನರು ಇಟ್ಟ ಹೆಸರು ತೆ ವೈ ಓರೆಯಾ. ಅದರ ಅರ್ಥ, ಹಾವುಮೀನುಗಳ ನೀರು. ಇಂದು ಉದ್ಯಾನದ ಅಧಿಕೃತ ಹೆಸರಿನಲ್ಲಿ ಎರಡೂ ಒಟ್ಟಿಗೆ ಸೇರಿವೆ.

ರಜಾದಿನಗಳಲ್ಲಿ ಮಕ್ಕಳೊಡನೆ ಇಲ್ಲಿಗೆ ಬರುವ ನಾಗರಿಕರ ಕಣ್ಣಿಗೆ ಮೊದಲು ಬೀಳುವುದು ಕಪ್ಪು ಹಂಸಗಳು, ದಪ್ಪ ಹೆಬ್ಬಾತುಗಳು, ಹಸಿರು ತಲೆಯ ಬಾತುಗಳು, ಕಾಲಬುಡಕ್ಕೇ ಬರುವ ಪಾರಿವಾಳಗಳು. ಇವುಗಳಲ್ಲಿ ಬಹುಪಾಲು ಹಕ್ಕಿಗಳ ಪೂರ್ವಜರು ಹತ್ತೊಂಬತ್ತನೇ ಶತಮಾನದಲ್ಲಿ ಅಥವಾ ಆನಂತರ ಮನುಷ್ಯನ ಕೈಯಿಂದ, ಹಡಗಿನ ಪಂಜರಗಳಲ್ಲಿ ಈ ದ್ವೀಪಗಳಿಗೆ ಬಂದವು. ಕೆರೆಗೆ ತನ್ನ ಹೆಸರನ್ನೇ ಕೊಟ್ಟ ಪ್ರಾಣಿಯಾದರೋ ಹಗಲಿನಲ್ಲಿ ದಡದ ಬೇರುಗಳ ಸಂದಿಯಲ್ಲಿ, ಕೆಸರಿನಲ್ಲಿ, ಕಾಲುಸೇತುವೆಯ ನೆರಳಿನಲ್ಲಿ ಅಡಗಿರುತ್ತದೆ. ಯಾರಾದರೂ ತಿಂಡಿ ಎಸೆದಾಗ ಮಾತ್ರ ತೋಳುಗಾತ್ರದ ಕಪ್ಪು ದೇಹವೊಂದು ನೀರಿನ ಮೇಲ್ಮೈಗೆ ಬಂದು ಮತ್ತೆ ಮುಳುಗುತ್ತದೆ.

ಒಂದು ನಗರದ ಉದ್ಯಾನದಲ್ಲಿ ಯಾವ ಪ್ರಾಣಿ ಪ್ರೀತಿಗೆ ಪಾತ್ರವಾಗುತ್ತದೆ, ಯಾವುದು ಅಸಹ್ಯಕ್ಕೆ ಗುರಿಯಾಗುತ್ತದೆ ಎಂಬುದು ಕೇವಲ ಅಭಿರುಚಿಯ ಪ್ರಶ್ನೆಯಲ್ಲ. ವೆಸ್ಟರ್ನ್ ಸ್ಪ್ರಿಂಗ್ಸ್‌ನ ಹಾವುಮೀನಿನ ಮಟ್ಟಿಗೆ ಅದು ಅಳಿವು ಉಳಿವಿನ ಪ್ರಶ್ನೆ. ಏಕೆಂದರೆ ಇಲ್ಲಿನ ದೊಡ್ಡ ಹಾವುಮೀನು ಜೀವಮಾನದಲ್ಲಿ ಒಮ್ಮೆ ಮಾತ್ರ ಸಂತಾನೋತ್ಪತ್ತಿ ಮಾಡುತ್ತದೆ. ಅದಕ್ಕೆ ಹಲವು ದಶಕಗಳ ಸಿದ್ಧತೆ ಬೇಕು, ಸಾವಿರಾರು ಕಿಲೋಮೀಟರ್ ಪಯಣವೂ ಬೇಕು.

<b>ಲಾವಾ ಶಿಲೆಯೊಳಗಿನ ಒರತೆ</b>

ಆಕ್ಲೆಂಡ್ ಜ್ವಾಲಾಮುಖಿಗಳ ಮೇಲೆ ಕಟ್ಟಿದ ನಗರ. ಸುಮಾರು 28 ಸಾವಿರ ವರ್ಷಗಳ ಹಿಂದೆ ತ್ರೀ ಕಿಂಗ್ಸ್ ಎಂಬ ಜ್ವಾಲಾಮುಖಿಯಿಂದ ಹೊರಟ ಲಾವಾ ಪ್ರವಾಹ ಕಣಿವೆಯೊಂದನ್ನು ತುಂಬುತ್ತಾ ವೈಟೆಮಟಾ ಬಂದರಿನವರೆಗೆ ಹರಿದು ಹೆಪ್ಪುಗಟ್ಟಿತು. ಬಿರುಕುಗಳಿಂದ ಕೂಡಿದ ಈ ಶಿಲೆಯೊಳಗೆ ಮಳೆನೀರು ಇಂಗಿ, ಸೋಸಿ, ತಗ್ಗಿನಲ್ಲಿ ಒರತೆಯಾಗಿ ಚಿಮ್ಮುತ್ತದೆ. ವೆಸ್ಟರ್ನ್ ಸ್ಪ್ರಿಂಗ್ಸ್ ಅಂಥ ಒಂದು ತಾಣ. ಇಲ್ಲಿಂದ ಹೊರಡುವ ಮೋಷನ್ಸ್ ಕ್ರೀಕ್ ಎಂಬ ಹಳ್ಳ ಮೃಗಾಲಯದ ಪಕ್ಕದಲ್ಲಿ ಸಾಗಿ ಸ್ವಲ್ಪವೇ ದೂರದಲ್ಲಿ ಸಮುದ್ರವನ್ನು ಸೇರುತ್ತದೆ. ಹಾವುಮೀನಿನ ಕಥೆಯಲ್ಲಿ ಈ ಪುಟ್ಟ ಹಳ್ಳಕ್ಕೆ ಕೆರೆಯಷ್ಟೇ ಮಹತ್ವವಿದೆ.

ಬ್ರಿಟಿಷ್ ವಲಸಿಗರ ಕಾಲದಲ್ಲಿ ಈ ಹಳ್ಳದ ನೀರಿನಿಂದ ಹಿಟ್ಟಿನ ಗಿರಣಿ ನಡೆಯುತ್ತಿತ್ತು. ಬೆಳೆಯುತ್ತಿದ್ದ ನಗರಕ್ಕೆ ಕುಡಿಯುವ ನೀರಿನ ಅಭಾವ ತಲೆದೋರಿದಾಗ 1870ರ ದಶಕದಲ್ಲಿ ನಗರಾಡಳಿತ ಒರತೆಗಳಿರುವ ಜಮೀನನ್ನು ಕೊಂಡು, ಕಟ್ಟೆ ಕಟ್ಟಿ ನೀರನ್ನು ನಿಲ್ಲಿಸಿತು. 1877ರಲ್ಲಿ ಉಗಿಯಂತ್ರದ ಪಂಪ್‌ಹೌಸ್ ಕಾರ್ಯಾರಂಭ ಮಾಡಿತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ವೈಟಾಕೆರೆ ಬೆಟ್ಟಗಳಿಂದ ನೀರು ತರುವ ಏರ್ಪಾಡು ಆದ ಮೇಲೆ ಕೆರೆಯ ಆ ಕೆಲಸ ಮುಗಿಯಿತು. 1922ರಲ್ಲಿ ಪಕ್ಕದಲ್ಲೇ ಮೃಗಾಲಯ ತೆರೆಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಅಮೆರಿಕದ ಸೈನಿಕರ ಶಿಬಿರವಿತ್ತು. ಉದ್ಯಾನ ಇಂದಿನ ರೂಪ ತಾಳಿದ್ದು 1960ರ ದಶಕದಿಂದೀಚೆಗೆ. ಹಳೆಯ ಪಂಪ್‌ಹೌಸ್ 1964ರಲ್ಲಿ ಆರಂಭವಾದ ಸಾರಿಗೆ ಮತ್ತು ತಂತ್ರಜ್ಞಾನ ವಸ್ತುಸಂಗ್ರಹಾಲಯದ ಭಾಗವಾಗಿ ಉಳಿದಿದೆ.

ಅಂದರೆ ಇಂದು ನಿಸರ್ಗದ ಕೊಡುಗೆಯಂತೆ ಕಾಣುವ ಈ ಕೆರೆ ಅರ್ಧ ಮನುಷ್ಯನಿರ್ಮಿತ. ಆದರೆ ಒರತೆಯೂ ಹಳ್ಳವೂ ಹಾವುಮೀನೂ ಕಟ್ಟೆಗಿಂತ ಬಹಳ ಹಳೆಯವು.

<b>ಸಮುದ್ರದಲ್ಲಿ ಹುಟ್ಟು, ಸಿಹಿನೀರಿನಲ್ಲಿ ಬಾಳು</b>

ಹಾವುಮೀನು ಹೆಸರಿಗೆ ಹಾವಾದರೂ ಅಪ್ಪಟ ಮೀನು. ಅದಕ್ಕೆ ಕಿವಿರುಗಳಿವೆ, ಈಜುರೆಕ್ಕೆಗಳಿವೆ, ವಿಷವಿಲ್ಲ. ನ್ಯೂಜಿಲೆಂಡಿನ ಸಿಹಿನೀರಿನಲ್ಲಿ ಮುಖ್ಯವಾಗಿ ಎರಡು ಜಾತಿಯ ಹಾವುಮೀನುಗಳಿವೆ. ಮೊದಲನೆಯದು ಉದ್ದರೆಕ್ಕೆಯ ಹಾವುಮೀನು. ಇದು ನ್ಯೂಜಿಲೆಂಡನ್ನು ಬಿಟ್ಟರೆ ಜಗತ್ತಿನ ಬೇರೆ ಯಾವ ನಾಡಿನ ನದಿ ಕೆರೆಗಳಲ್ಲೂ ಬಾಳುವುದಿಲ್ಲ. ಎರಡನೆಯದು ಗಿಡ್ಡರೆಕ್ಕೆಯ ಹಾವುಮೀನು. ಇದು ಆಸ್ಟ್ರೇಲಿಯಾದಲ್ಲೂ ಇದೆ. ಬೆನ್ನ ಮೇಲಿನ ರೆಕ್ಕೆಯು ಹೊಟ್ಟೆಯ ಕೆಳಗಿನ ರೆಕ್ಕೆಗಿಂತ ಬಹಳ ಮುಂದೆ, ತಲೆಯ ಕಡೆಗೆ ಆರಂಭವಾದರೆ ಅದು ಉದ್ದರೆಕ್ಕೆಯದು. ಎರಡೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಆರಂಭವಾದರೆ ಗಿಡ್ಡರೆಕ್ಕೆಯದು. ಮಾವೋರಿ ಭಾಷೆಯಲ್ಲಿ ಹಾವುಮೀನಿಗೆ ಸಾಮಾನ್ಯ ಹೆಸರು ‘ಟುನಾ’. ಡಬ್ಬಿಯಲ್ಲಿ ಸಿಗುವ ಸಮುದ್ರದ ಟುನಾ ಮೀನಿಗೂ ಇದಕ್ಕೂ ಸಂಬಂಧವಿಲ್ಲ.

ಕೆರೆಯಲ್ಲಿ ಕಾಣುವ ಯಾವ ಹಾವುಮೀನೂ ಕೆರೆಯಲ್ಲಿ ಹುಟ್ಟಿದ್ದಲ್ಲ. ಅವುಗಳ ಜನ್ಮಸ್ಥಳ ನ್ಯೂಜಿಲೆಂಡಿನ ಉತ್ತರಕ್ಕೆ, ಉಷ್ಣವಲಯದ ಪೆಸಿಫಿಕ್ ಸಾಗರದ ಆಳದಲ್ಲಿದೆ. ಮೊಟ್ಟೆಯೊಡೆದು ಬಂದ ಮರಿ ಪಾರದರ್ಶಕವಾದ ಎಲೆಯಂತಿರುತ್ತದೆ. ಸಾಗರ ಪ್ರವಾಹದಲ್ಲಿ ತೇಲುತ್ತಾ ತಿಂಗಳುಗಟ್ಟಲೆ ಸಾಗಿ, ಕರಾವಳಿ ಸಮೀಪಿಸಿದಾಗ ಗಾಜಿನ ಕಡ್ಡಿಯಂಥ ಪುಟ್ಟ ಹಾವುಮೀನಾಗಿ ರೂಪಾಂತರ ಹೊಂದುತ್ತದೆ. ದಕ್ಷಿಣ ಗೋಳಾರ್ಧದ ವಸಂತದಲ್ಲಿ ಈ ಗಾಜಿನ ಮರಿಗಳು ನದೀಮುಖಗಳನ್ನು ಹೊಕ್ಕು, ಸಿಹಿನೀರಿನಲ್ಲಿ ಬಣ್ಣ ತಾಳಿ, ಮೇಲಕ್ಕೆ ಹತ್ತತೊಡಗುತ್ತವೆ. ಈ ಪ್ರಾಯದಲ್ಲಿ ಅವು ಒದ್ದೆಯಾದ ಬಂಡೆಯನ್ನೂ ಕಟ್ಟೆಯ ಗೋಡೆಯನ್ನೂ ಅಂಟಿಕೊಂಡು ಏರಬಲ್ಲವು. ಚರ್ಮದ ಮೂಲಕವೂ ಆಮ್ಲಜನಕ ಹೀರಿಕೊಳ್ಳುವುದರಿಂದ ಒದ್ದೆ ಹುಲ್ಲಿನ ಮೇಲೆ ತೆವಳಿ ಒಂದು ನೀರಿನಿಂದ ಇನ್ನೊಂದು ನೀರಿಗೆ ದಾಟುವುದೂ ಉಂಟು.

ಕೆರೆಯೊಳಗೆ ಸೇರಿದ ಮೇಲೆ ಆರಂಭವಾಗುವುದು ನಿಧಾನದ ಬದುಕು. ಮೊದಲು ಹುಳುಹುಪ್ಪಟೆ, ಬಸವನಹುಳು; ದೊಡ್ಡದಾದ ಮೇಲೆ ಮೀನು, ಒಮ್ಮೊಮ್ಮೆ ಬಾತಿನ ಮರಿಯೂ ಆಹಾರ. ಬೆಳವಣಿಗೆ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಮಾತ್ರ. ಉದ್ದರೆಕ್ಕೆಯ ಗಂಡು ಚಿಕ್ಕದಿರುವಾಗಲೇ ಪ್ರಾಯಕ್ಕೆ ಬಂದು ಕೆರೆ ತೊರೆಯುತ್ತದೆ. ಆದ್ದರಿಂದ ಬಹುದೊಡ್ಡ ಗಾತ್ರದವೆಲ್ಲ ಹೆಚ್ಚುಕಡಿಮೆ ಹೆಣ್ಣುಗಳೇ. ಹೆಣ್ಣು ಪ್ರೌಢವಾಗಲು ಸಾಮಾನ್ಯವಾಗಿ 25 ವರ್ಷಕ್ಕೂ ಹೆಚ್ಚು, ತಂಪಾದ ನೀರಿನಲ್ಲಿ 60 ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. ದಕ್ಷಿಣ ದ್ವೀಪದ ರೊಟೊಇಟಿ ಸರೋವರದ ಒಂದು ಹಾವುಮೀನಿನ ವಯಸ್ಸು 106 ವರ್ಷವೆಂದು ದಾಖಲಾಗಿದೆ. ಅತಿದೊಡ್ಡವು ಸುಮಾರು 2 ಮೀಟರ್ ಉದ್ದವಾಗಿ, 20 ಕಿಲೋಗ್ರಾಂಗೂ ಹೆಚ್ಚು ತೂಗಬಲ್ಲವು.

<b>ಒಂದೇ ಪಯಣ, ಮರಳುವುದಿಲ್ಲ</b>

ಪ್ರಾಯ ತುಂಬಿದ ಹಾವುಮೀನಿನ ದೇಹದಲ್ಲಿ ವಿಸ್ಮಯಕರ ಬದಲಾವಣೆಗಳಾಗುತ್ತವೆ. ಕಣ್ಣುಗಳು ದೊಡ್ಡದಾಗುತ್ತವೆ, ತಲೆ ಚೂಪಾಗುತ್ತದೆ, ಬಣ್ಣ ಗಾಢವಾಗುತ್ತದೆ, ಜೀರ್ಣಾಂಗ ಕುಗ್ಗುತ್ತದೆ. ಅದು ಆಹಾರವನ್ನೇ ತ್ಯಜಿಸುತ್ತದೆ. ಶರತ್ಕಾಲದ, ಅಂದರೆ ಅಲ್ಲಿನ ಫೆಬ್ರವರಿಯಿಂದ ಮೇ ತಿಂಗಳವರೆಗಿನ ಮಳೆಯ ಕತ್ತಲ ರಾತ್ರಿಗಳಲ್ಲಿ, ನೀರು ಏರಿದಾಗ ಹಳ್ಳದಗುಂಟ ಇಳಿದು ಸಮುದ್ರ ಸೇರುತ್ತದೆ. ದೇಹದಲ್ಲಿ ದಶಕಗಳಿಂದ ಕೂಡಿಟ್ಟ ಕೊಬ್ಬೇ ಆ ದೀರ್ಘ ಪಯಣಕ್ಕೆ ಬುತ್ತಿ.

ಉಪಗ್ರಹ ಸಂಪರ್ಕದ ಗುರುತುಪಟ್ಟಿಗಳನ್ನು ಕಟ್ಟಿ ವಿಜ್ಞಾನಿಗಳು ಕೆಲವು ಹಾವುಮೀನುಗಳ ಜಾಡು ಹಿಡಿದಿದ್ದಾರೆ. ಅವು ಹಗಲಿನಲ್ಲಿ ನೂರಾರು ಮೀಟರ್ ಆಳಕ್ಕಿಳಿದು, ರಾತ್ರಿ ಮೇಲೇರುತ್ತಾ, ನ್ಯೂ ಕ್ಯಾಲೆಡೋನಿಯಾದ ದಿಕ್ಕಿಗೆ ಸಾಗಿದ್ದು ತಿಳಿದುಬಂದಿದೆ. ಆದರೆ ಅವು ಮೊಟ್ಟೆಯಿಡುವುದನ್ನು ಮನುಷ್ಯರಾರೂ ಕಣ್ಣಾರೆ ಕಂಡಿಲ್ಲ. ಹೆಣ್ಣು ಲಕ್ಷಗಟ್ಟಲೆ ಮೊಟ್ಟೆಗಳನ್ನಿಟ್ಟು ಅಲ್ಲಿಯೇ ಅಸುನೀಗುತ್ತದೆ.

ಈ ಜೀವನಕ್ರಮದಲ್ಲಿಯೇ ಅಪಾಯವೂ ಅಡಗಿದೆ. ಹಂಸ ಅಥವಾ ಬಾತು ಪ್ರತಿವರ್ಷ ಮರಿ ಮಾಡುತ್ತದೆ. ಒಂದು ವರ್ಷ ಕೆಟ್ಟರೆ ಮರುವರ್ಷ ತುಂಬಿಕೊಳ್ಳುತ್ತದೆ. ನಲವತ್ತು ವರ್ಷದ ಹಾವುಮೀನೊಂದು ಹೊರಡುವ ಮುನ್ನ ಸತ್ತರೆ ಅದು ಸಂತಾನವೇ ಇಲ್ಲದೆ ಸತ್ತಂತೆ. ಕೆರೆಯಲ್ಲಿ ಕಾಣುವ ಪ್ರತಿಯೊಂದು ದೊಡ್ಡ ಹಾವುಮೀನೂ ಇನ್ನೂ ಒಮ್ಮೆಯೂ ಮೊಟ್ಟೆಯಿಡದ ತಾಯಿ ಎಂಬುದನ್ನು ನೆನಪಿಡಬೇಕು.

<b>ಹಡಗಿನಲ್ಲಿ ಬಂದ ಹಕ್ಕಿಗಳು</b>

ಬಾವಲಿಗಳನ್ನು ಬಿಟ್ಟರೆ ನ್ಯೂಜಿಲೆಂಡಿನಲ್ಲಿ ನೆಲದ ಸಸ್ತನಿಗಳೇ ಇರಲಿಲ್ಲ. ಇಂಗ್ಲೆಂಡಿನಿಂದ ಬಂದ ವಲಸಿಗರಿಗೆ ಈ ನಾಡಿನ ಕಾಡೂ ನೀರೂ ಬರಿದೆನಿಸಿತು. ಬೇಟೆಗೆ, ಊಟಕ್ಕೆ, ತವರಿನ ನೆನಪಿಗೆ ಬೇಕಾದ ಪ್ರಾಣಿಗಳನ್ನು ತರಿಸಲು 1860ರ ದಶಕದಿಂದ ಪ್ರಾಂತ್ಯ ಪ್ರಾಂತ್ಯಗಳಲ್ಲಿ ‘ಒಗ್ಗಿಸುವ ಸಂಘ’ಗಳು ಹುಟ್ಟಿಕೊಂಡವು. ಜಿಂಕೆ, ಮೊಲ, ಟ್ರೌಟ್ ಮೀನು, ಗುಬ್ಬಿ, ಬಾತು ಎಲ್ಲವೂ ಬಂದಿಳಿದವು. ಮೊಲ ಹುಲ್ಲುಗಾವಲನ್ನು ನುಂಗತೊಡಗಿದಾಗ ಅದನ್ನು ಹಿಡಿಯಲೆಂದು ಮುಂಗುಸಿಯಂಥ ಸ್ಟೋಟ್ ಬಂತು. ಸ್ಟೋಟ್ ಮೊಲವನ್ನು ಬಿಟ್ಟು ಹಾರಲಾರದ ಸ್ಥಳೀಯ ಹಕ್ಕಿಗಳನ್ನು ತಿಂದಿತು.

ವೆಸ್ಟರ್ನ್ ಸ್ಪ್ರಿಂಗ್ಸ್‌ನ ಹಕ್ಕಿಗಳಲ್ಲಿ ಈ ಚರಿತ್ರೆಯನ್ನು ಓದಬಹುದು. ಹಸಿರು ತಲೆಯ ಮಲ್ಲಾರ್ಡ್ ಬಾತು ಬ್ರಿಟನ್ನಿನಿಂದ 1867ರಲ್ಲಿ ಬಂತು. ಇಪ್ಪತ್ತನೇ ಶತಮಾನದಲ್ಲಿ ಅಮೆರಿಕದಿಂದಲೂ ಅದರ ತಳಿಗಳನ್ನು ತಂದರು. ಅದು ಸ್ಥಳೀಯ ಬೂದುಬಾತಿನೊಡನೆ ಬೆರೆತು ಮರಿ ಮಾಡುವುದರಿಂದ ಶುದ್ಧ ಬೂದುಬಾತು ಇಂದು ಅಪರೂಪವಾಗಿದೆ. ಕೆನಡಾ ಹೆಬ್ಬಾತು 1905ರಲ್ಲಿ ತಂದುಬಿಟ್ಟ ಮೇಲೆ ಗಟ್ಟಿಯಾಗಿ ನೆಲೆಯೂರಿತು. ಸಂಖ್ಯೆ ಮಿತಿಮೀರಿದ್ದರಿಂದ 2011ರಲ್ಲಿ ಅದಕ್ಕಿದ್ದ ಕಾನೂನಿನ ರಕ್ಷಣೆಯನ್ನು ತೆಗೆಯಲಾಯಿತು. ಆಸ್ಟ್ರೇಲಿಯಾದ ಕಪ್ಪು ಹಂಸವನ್ನು 1860ರ ದಶಕದಲ್ಲಿ ತಂದರು.

ಹುಲ್ಲುಹಾಸಿನ ಮೇಲೆ ನಡೆದಾಡುವ ಇನ್ನೊಂದು ಹಕ್ಕಿ ಕನ್ನಡಿಗರಿಗೆ ಚಿರಪರಿಚಿತ. ಅದು ನಮ್ಮ ಗೊರವಂಕ. ದಕ್ಷಿಣ ಏಷ್ಯಾದ ಈ ಮೈನಾ ಹಕ್ಕಿಯನ್ನು 1870ರ ದಶಕದಲ್ಲಿ, ಬೆಳೆಯ ಕೀಟಗಳನ್ನು ತಿನ್ನಲೆಂದು ನ್ಯೂಜಿಲೆಂಡಿಗೆ ಒಯ್ದರು. ಇಂದು ಆಕ್ಲೆಂಡ್ ಸೇರಿದಂತೆ ಉತ್ತರ ದ್ವೀಪದ ಬಹುಭಾಗದಲ್ಲಿ ಅದು ಸಾಮಾನ್ಯ. ನಮ್ಮಲ್ಲಿ ಅಂಗಳದ ಹಕ್ಕಿಯಾದ ಅದು ಅಲ್ಲಿ ಇತರ ಹಕ್ಕಿಗಳ ಗೂಡುಗಳಿಗೆ ದಾಳಿಯಿಡುವ ಪೀಡೆಯೆನಿಸಿದೆ.

ಇವೆಲ್ಲದರ ನಡುವೆ ಸ್ಥಳೀಯ ಹಕ್ಕಿಗಳೂ ಇವೆ. ಪಾಪಂಗೊ ಎಂಬ ಮುಳುಗುಬಾತು, ನೀರುಕಾಗೆಗಳು, ಜೊಂಡಿನ ನಡುವೆ ಕೆಂಪು ಕಾಲುಗಳಲ್ಲಿ ನಡೆಯುವ ಪುಕೆಕೊ ಇಲ್ಲಿಯ ಹಳೆಯ ನಿವಾಸಿಗಳು. ಪುಕೆಕೊ ನಮ್ಮ ಕೆರೆಗಳ ನೇರಳೆ ಜೌಗುಕೋಳಿಯ ಹತ್ತಿರದ ನೆಂಟ.

<b>ನೀರಿನೊಳಗಿನ ಪರಕೀಯರು</b>

ಹಕ್ಕಿಗಳು ಕಣ್ಣಿಗೆ ಕಾಣುತ್ತವೆ. ಹೆಚ್ಚಿನ ಹಾನಿ ಮಾಡುವ ಮೀನುಗಳು ಕಾಣುವುದಿಲ್ಲ. ಆಕ್ಲೆಂಡ್ ಮತ್ತು ಅದರ ದಕ್ಷಿಣದ ವೈಕಾಟೊ ಪ್ರದೇಶದ ನಿಂತ ನೀರುಗಳಿಗೆ ಕೊಯ್ ಮೀನು ದೊಡ್ಡ ಪಿಡುಗು. ಹೋಟೆಲುಗಳ ಕೊಳಗಳಲ್ಲಿ ಕಾಣುವ ಕೆಂಪು, ಬಿಳಿ, ಹೊನ್ನಬಣ್ಣದ ಈ ಮೀನು ನಮ್ಮ ಮೀನುಗಾರಿಕೆ ಇಲಾಖೆಗಳು ಸಾಕುವ ಸಾಮಾನ್ಯ ಗೆಂಡೆಯದೇ ಅಲಂಕಾರಿಕ ತಳಿ. ಅದು ಕೆಸರನ್ನು ಬಾಯಿಂದ ಹೀರಿ, ಜಾಲಾಡಿ, ಮತ್ತೆ ಉಗುಳುತ್ತದೆ. ಇದರಿಂದ ನೀರು ರಾಡಿಯಾಗುತ್ತದೆ, ನೀರುಗಿಡಗಳು ಬೇರು ಕಿತ್ತು ಸಾಯುತ್ತವೆ, ಕೆಸರಿನಲ್ಲಿದ್ದ ರಂಜಕ ನೀರಿಗೆ ಬೆರೆತು ಪಾಚಿ ಉಕ್ಕುತ್ತದೆ. 1960ರ ದಶಕದಲ್ಲಿ ಅಲಂಕಾರಿಕ ಮೀನುಗಳ ಜೊತೆ ಅರಿವಿಲ್ಲದೆ ಒಳಬಂದ ಕೊಯ್, ಇಂದು ವೈಕಾಟೊ ನದಿಯ ಕೆಳಭಾಗದಲ್ಲಿ ತೂಕದ ಲೆಕ್ಕದಲ್ಲಿ ಪ್ರಧಾನ ಮೀನಾಗಿದೆ. ನ್ಯೂಜಿಲೆಂಡಿನ ಕಾನೂನು ಅದನ್ನು ಉಪದ್ರವಿ ಮೀನೆಂದು ಘೋಷಿಸಿದೆ. ಅದನ್ನು ಸಾಕುವುದು, ಮಾರುವುದು, ಹಿಡಿದ ಮೇಲೆ ಜೀವಂತ ಬಿಡುವುದು ಅಪರಾಧ.

ಇನ್ನೊಂದು, ಬೆರಳುದ್ದವೂ ಇಲ್ಲದ ಗ್ಯಾಂಬೂಸಿಯಾ. ಸೊಳ್ಳೆಯ ಮರಿಗಳನ್ನು ತಿನ್ನಲೆಂದು 1930ರ ಸುಮಾರಿಗೆ ಇದನ್ನು ಆಕ್ಲೆಂಡಿಗೆ ತರಲಾಯಿತು. ಸೊಳ್ಳೆ ನಿಯಂತ್ರಣದಲ್ಲಿ ಸ್ಥಳೀಯ ಮೀನುಗಳಿಗಿಂತ ಹೆಚ್ಚಿನದೇನನ್ನೂ ಅದು ಸಾಧಿಸಲಿಲ್ಲ. ಆದರೆ ಪುಟ್ಟ ಸ್ಥಳೀಯ ಮೀನುಗಳ ರೆಕ್ಕೆಗಳನ್ನು ಕಚ್ಚಿ, ಮೊಟ್ಟೆಗಳನ್ನು ತಿಂದು ಅವನ್ನು ಮೂಲೆಗೊತ್ತಿತು. ಉತ್ತರ ಅಮೆರಿಕದ ಕಂದು ಕ್ಯಾಟ್‌ಫಿಶ್ ಹತ್ತೊಂಬತ್ತನೇ ಶತಮಾನದಲ್ಲೇ ಬಂದಿತ್ತು. ಸಾಕಲಾರದೆ ಜನರು ಕೊಳಗಳಿಗೆ ತಂದುಬಿಡುವ ಹೊನ್ನಮೀನು ಮತ್ತು ಕೆಂಪುಕಿವಿಯ ಆಮೆಗಳೂ ಈ ಪಟ್ಟಿಗೆ ಸೇರಿವೆ. ಅನುಕಂಪದಿಂದಲೇ ಬಿಟ್ಟರೂ ಪರಿಣಾಮ ಮಾತ್ರ ಒಂದೇ.

ದೊಡ್ಡ ಹಾವುಮೀನು ಈ ಹೊರಗಿನ ಮೀನುಗಳನ್ನು ತಿನ್ನುತ್ತದೆ. ಕೆರೆಯ ಆಹಾರಸರಪಳಿಯಲ್ಲಿ ಅದರದೇ ತುದಿಯ ಸ್ಥಾನ. ಆದರೆ ವರ್ಷಕ್ಕೆ ಲಕ್ಷಾಂತರ ಮೊಟ್ಟೆಯಿಡುವ ಕೊಯ್ ಮೀನನ್ನು, ಮೂವತ್ತು ನಲವತ್ತು ವರ್ಷಕ್ಕೊಮ್ಮೆ ಪೀಳಿಗೆ ಬದಲಾಗುವ ಹಾವುಮೀನು ಹದ್ದುಬಸ್ತಿನಲ್ಲಿಡಲಾರದು.

<b>ಶತ್ರುವಿನ ಪಟ್ಟ</b>

ಮಾವೋರಿಗಳಿಗೆ ಹಾವುಮೀನು ಮುಖ್ಯ ಆಹಾರವಾಗಿತ್ತು, ಜೊತೆಗೆ ಗೌರವದ ಪ್ರಾಣಿಯೂ ಆಗಿತ್ತು. ಬಳ್ಳಿಯಿಂದ ಹೆಣೆದ ಹಿನಾಕಿ ಎಂಬ ಕೂಳಿಗಳಲ್ಲಿ ಅದನ್ನು ಹಿಡಿದು, ಒಣಗಿಸಿ ಸಂಗ್ರಹಿಸುತ್ತಿದ್ದರು. ಅತಿಥಿಸತ್ಕಾರದಲ್ಲಿ ಅದಕ್ಕೆ ಉನ್ನತ ಸ್ಥಾನವಿತ್ತು.

ಹೊರಗಿನಿಂದ ಟ್ರೌಟ್ ಮೀನು ಬಂದ ಮೇಲೆ ಚಿತ್ರ ಬದಲಾಯಿತು. ಗಾಳದ ಹವ್ಯಾಸಿಗಳ ಮೆಚ್ಚಿನ ಟ್ರೌಟನ್ನು ಹಾವುಮೀನು ತಿನ್ನುತ್ತದೆಂಬ ಕಾರಣಕ್ಕೆ ಇಪ್ಪತ್ತನೇ ಶತಮಾನದ ಮಧ್ಯಭಾಗದವರೆಗೂ ಒಗ್ಗಿಸುವ ಸಂಘಗಳು ಹಾವುಮೀನನ್ನು ಕೊಲ್ಲುವ ಅಭಿಯಾನಗಳನ್ನೇ ನಡೆಸಿದವು. ಹೊರಗಿನಿಂದ ಬಂದ ಮೀನನ್ನು ಕಾಪಾಡಲು ನಾಡಿನ ಮೀನನ್ನು ಕೊಂದದ್ದು ಚರಿತ್ರೆಯ ವಿಪರ್ಯಾಸ. ಅನಂತರ ವಾಣಿಜ್ಯ ಮೀನುಗಾರಿಕೆ ಬಂತು. 1970ರ ದಶಕದ ಆರಂಭದಲ್ಲಿ ವರ್ಷಕ್ಕೆ ಸುಮಾರು 2,000 ಟನ್ ಹಾವುಮೀನು ಹಿಡಿದು ಹೆಚ್ಚಾಗಿ ರಫ್ತು ಮಾಡಲಾಯಿತು. ಅದೇ ಕಾಲದಲ್ಲಿ ಜಲವಿದ್ಯುತ್ ಅಣೆಕಟ್ಟೆಗಳು ದಾರಿ ಮುಚ್ಚಿದವು. ದೇಶದ ಜೌಗು ಪ್ರದೇಶದ ಸುಮಾರು ಶೇ 90ರಷ್ಟು ಒಣಗಿ ಹುಲ್ಲುಗಾವಲಾಯಿತು.

ಮೀನುಗಾರಿಕೆಗೆ ಮಿತಿ ಹೇರುವ ಪಾಲು ಪದ್ಧತಿ ದಕ್ಷಿಣ ದ್ವೀಪದಲ್ಲಿ 2000ದಲ್ಲಿ, ಉತ್ತರ ದ್ವೀಪದಲ್ಲಿ 2004ರಲ್ಲಿ ಜಾರಿಗೆ ಬಂತು. ನಾಲ್ಕು ಕಿಲೋಗ್ರಾಂಗಿಂತ ದೊಡ್ಡ ಹಾವುಮೀನನ್ನು ವಾಣಿಜ್ಯ ಮೀನುಗಾರರು ನೀರಿಗೆ ಮರಳಿಸಬೇಕೆಂಬ ನಿಯಮವೂ ಬಂತು. 2013ರಲ್ಲಿ ಪರಿಸರಕ್ಕೆ ಸಂಬಂಧಿಸಿದ ಸಂಸದೀಯ ಆಯುಕ್ತರಾಗಿದ್ದ ಜಾನ್ ರೈಟ್ ಅವರು, ಉದ್ದರೆಕ್ಕೆಯ ಹಾವುಮೀನು ವಿನಾಶದ ಹಾದಿಯಲ್ಲಿದೆಯೇ ಎಂದು ಪ್ರಶ್ನಿಸಿ ವರದಿ ಸಲ್ಲಿಸಿದರು. ಸಂಖ್ಯೆ ಕುಸಿಯುತ್ತಿರುವ, ಅಪಾಯಕ್ಕೊಳಗಾದ ಜಾತಿಯೆಂದು ಅದನ್ನು ಗುರುತಿಸಲಾಗಿದೆ.

<b>ಬ್ರೆಡ್ಡಿನ ತುಂಡು ಮತ್ತು ಬಾತಿನ ಮರಿ</b>

ಮೀನುಗಾರಿಕೆಯ ಬಲೆಗಳಿಂದ ದೂರವಿರುವ ನಗರದ ಉದ್ಯಾನ ಇಂಥ ಮೀನಿಗೆ ಒಳ್ಳೆಯ ಆಶ್ರಯವಾಗಬಲ್ಲದು. ಆದರೆ ಉದ್ಯಾನಕ್ಕೆ ತನ್ನದೇ ಕಷ್ಟಗಳಿವೆ. ಅವುಗಳಲ್ಲಿ ಒಂದು, ಸಂದರ್ಶಕರ ಕೈಯಲ್ಲಿರುವ ಬ್ರೆಡ್ಡಿನ ಪೊಟ್ಟಣ.

ಬ್ರೆಡ್ಡು ಹಕ್ಕಿಗಳ ಸಹಜ ಆಹಾರವಲ್ಲ. ಹೊಟ್ಟೆ ತುಂಬಿಸುತ್ತದೆ, ಪೋಷಣೆ ನೀಡುವುದಿಲ್ಲ. ಸುಲಭದ ಆಹಾರ ದೊರೆತಾಗ ಹೆಬ್ಬಾತು, ಬಾತು, ಪಾರಿವಾಳಗಳ ಸಂಖ್ಯೆ ಕೆರೆ ತಾಳಬಲ್ಲದ್ದಕ್ಕಿಂತ ಹೆಚ್ಚುತ್ತದೆ. ಅವುಗಳ ಹಿಕ್ಕೆ, ತಿಂದುಳಿದ ಬ್ರೆಡ್ಡು ನೀರಿನಲ್ಲಿ ಕೊಳೆತು ಆಮ್ಲಜನಕ ಇಳಿಯುತ್ತದೆ. ಬೇಸಿಗೆಯಲ್ಲಿ ನೀರು ಬೆಚ್ಚಗಾಗಿ, ಕೆಸರಿನಲ್ಲಿ ಆಮ್ಲಜನಕ ಕಡಿಮೆಯಾದಾಗ ಬೊಟುಲಿಸಂ ಎಂಬ ರೋಗದ ಸೂಕ್ಷ್ಮಾಣು ವಿಷ ಉತ್ಪಾದಿಸುತ್ತದೆ. ಹಕ್ಕಿಗಳು ಕತ್ತು ಎತ್ತಲಾರದೆ ಸಾಯುತ್ತವೆ. ಪ್ರೀತಿಯಿಂದ ಎಸೆದ ತುಂಡೇ ಪ್ರೀತಿಯ ಹಕ್ಕಿಗೆ ಕುತ್ತಾಗುವ ಬಗೆ ಇದು.

ಹಾವುಮೀನಿಗೂ ಇದರಿಂದ ಹಿತವಿಲ್ಲ. ಅದು ಕಡಿಮೆ ಆಮ್ಲಜನಕವನ್ನು ಇತರ ಮೀನುಗಳಿಗಿಂತ ಹೆಚ್ಚು ತಾಳಬಲ್ಲದಾದರೂ, ಅದು ತಿನ್ನುವ ಪುಟ್ಟ ಮೀನು, ಹುಳುಗಳು ತಾಳಲಾರವು. ಇನ್ನು ದೊಡ್ಡ ಹಾವುಮೀನು ಒಮ್ಮೊಮ್ಮೆ ಬಾತಿನ ಮರಿಯನ್ನು ನೀರಿನೊಳಗೆ ಸೆಳೆದೊಯ್ಯುವುದು ನಿಜ. ದಡದಲ್ಲಿ ನಿಂತ ಮಕ್ಕಳಿಗೆ ಅದು ಕ್ರೌರ್ಯವಾಗಿ ಕಾಣುವುದು ಸಹಜ. ಆದರೆ ಆ ಮರಿ ದೇಶದಲ್ಲಿ ಲಕ್ಷೋಪಲಕ್ಷ ಸಂಖ್ಯೆಯಲ್ಲಿರುವ ಬಾತಿನದು. ಅದನ್ನು ಹಿಡಿದದ್ದು ಆ ನಾಡಿನಲ್ಲಿ ಮಾತ್ರ ಬಾಳುವ, ಸಂಖ್ಯೆ ಕುಸಿಯುತ್ತಿರುವ ಮೀನು. ಈ ಲೆಕ್ಕವನ್ನು ದಡದಲ್ಲಿ ನಿಂತು ಮಾಡುವವರು ಕಡಿಮೆ.

<b>ದಾರಿ ತೆರೆದಿದ್ದರೆ ಮಾತ್ರ</b>

ಕೆರೆಯ ನೀರು ಎಷ್ಟೇ ಚೆನ್ನಾಗಿದ್ದರೂ ಸಮುದ್ರದ ದಾರಿ ಮುಚ್ಚಿದರೆ ಹಾವುಮೀನಿಗೆ ಅದು ಸೆರೆಮನೆ. ಮೇಲೆ ಬರುವ ಮರಿಗಳಿಗೆ ಒದ್ದೆಯಾದ, ಒರಟಾದ ಏರು ಬೇಕು. ಕೆಳಗಿಳಿಯುವ ದೊಡ್ಡವಕ್ಕೆ ಜಾಲರಿಯಿಲ್ಲದ ಕೋಡಿ ಬೇಕು. ಅಂಚು ಚಾಚಿದ, ನೀರು ಧುಮುಕುವ ಕೊಳವೆಯ ಬಾಯಿಯನ್ನು ಏರಲು ಮರಿಗಳಿಗೆ ಸಾಧ್ಯವಿಲ್ಲ. 1983ರ ಸಿಹಿನೀರು ಮೀನುಗಾರಿಕೆ ನಿಯಮಗಳು ಕಟ್ಟೆ, ಮೋರಿಗಳಿಂದ ಮೀನಿನ ಓಡಾಟಕ್ಕೆ ತಡೆಯಾಗಬಾರದೆಂದು ವಿಧಿಸಿದ್ದವು. 2020ರ ರಾಷ್ಟ್ರೀಯ ನಿಯಮಗಳು ಹೊಸ ಮೋರಿಗಳ ವಿನ್ಯಾಸಕ್ಕೆ ಸ್ಪಷ್ಟ ಷರತ್ತುಗಳನ್ನು ಹಾಕಿದವು. ಹಳೆಯ ಕೊಳವೆಗಳಲ್ಲಿ ಇಳಿಜಾರು ಹಲಗೆ ಅಥವಾ ಒರಟು ಹಗ್ಗ ಇಳಿಬಿಡುವಂಥ ಅಗ್ಗದ ಉಪಾಯಗಳೂ ಆ ದೇಶದಲ್ಲಿ ಬಳಕೆಯಲ್ಲಿವೆ.

ಎರಡನೆಯ ತೊಡಕು ಕೊಳಚೆ. ಆಕ್ಲೆಂಡ್‌ನ ಹಳೆಯ ಬಡಾವಣೆಗಳಲ್ಲಿ ಮಳೆನೀರೂ ಮಲಿನಜಲವೂ ಒಂದೇ ಕೊಳವೆಯಲ್ಲಿ ಹರಿಯುತ್ತಿದ್ದುದರಿಂದ, ಜೋರು ಮಳೆ ಬಂದಾಗಲೆಲ್ಲ ಕೊಳಚೆ ಉಕ್ಕಿ ಹಳ್ಳಗಳಿಗೆ ಸೇರುತ್ತಿತ್ತು. ಹಾವುಮೀನು ಸಮುದ್ರಕ್ಕೆ ಹೊರಡುವುದೂ ಅಂಥ ಮಳೆಯ ರಾತ್ರಿಗಳಲ್ಲೇ. ಇದನ್ನು ತಪ್ಪಿಸಲು ನಗರದ ಅಡಿಯಲ್ಲಿ ‘ಸೆಂಟ್ರಲ್ ಇಂಟರ್‌ಸೆಪ್ಟರ್’ ಎಂಬ ಬೃಹತ್ ಸುರಂಗವನ್ನು ಕೈಗೆತ್ತಿಕೊಳ್ಳಲಾಯಿತು. 4.5 ಮೀಟರ್ ವ್ಯಾಸದ, 16 ಕಿಲೋಮೀಟರಿಗೂ ಉದ್ದದ ಈ ಸುರಂಗದ ಕಾಮಗಾರಿ 2019ರಲ್ಲಿ ಆರಂಭವಾಗಿ, ಕೊರೆಯುವ ಕೆಲಸ 2025ರಲ್ಲಿ ಮುಗಿಯಿತು.

<b>ಸ್ಥಳೀಯ ಎಂದರೆ ಯಾರು?</b>

ಸ್ಥಳೀಯ, ಪರಕೀಯ ಎಂಬ ಗೆರೆ ನೋಡುವಷ್ಟು ನೇರವಾಗಿಲ್ಲ. ನಮ್ಮ ಕೆರೆಗಳಲ್ಲಿ ನಾಮದ ಕೋಳಿ ಎಂದು ಕರೆಯುವ ಹಕ್ಕಿ ಆಸ್ಟ್ರೇಲಿಯಾದಿಂದ ತಾನೇ ಹಾರಿಬಂದು 1950ರ ದಶಕದಲ್ಲಿ ನ್ಯೂಜಿಲೆಂಡಿನಲ್ಲಿ ಮರಿ ಮಾಡತೊಡಗಿತು. ಸ್ವಂತ ರೆಕ್ಕೆಯಿಂದ ಬಂದದ್ದರಿಂದ ಅದು ಸ್ಥಳೀಯವೆನಿಸಿತು. ಕಪ್ಪು ಹಂಸವನ್ನು ಮನುಷ್ಯರು ತಂದರೂ, ಕೆಲವು ಅದೇ ಕಾಲಕ್ಕೆ ತಾವಾಗಿಯೇ ಹಾರಿಬಂದಿರಬಹುದೆಂಬ ವಾದವಿದೆ. ನ್ಯೂಜಿಲೆಂಡಿಗೆ ಹಿಂದೆ ತನ್ನದೇ ಆದ ಹಂಸವಿತ್ತು. ಮನುಷ್ಯ ಬಂದ ಮೇಲೆ ಅದು ಬೇಟೆಗೆ ಸಿಕ್ಕಿ ಅಳಿಯಿತು. ಅದು ಆಸ್ಟ್ರೇಲಿಯಾದ ಹಂಸಕ್ಕಿಂತ ಬೇರೆ ಜಾತಿಯೆಂದು 2017ರಲ್ಲಿ ಪ್ರಕಟವಾದ ಅನುವಂಶಿಕ ಅಧ್ಯಯನ ತೋರಿಸಿತು. ಹಾವುಮೀನುಗಳಲ್ಲೂ ಆಸ್ಟ್ರೇಲಿಯಾದ ಮೂರನೆಯ ಜಾತಿಯೊಂದು ಸಾಗರ ಪ್ರವಾಹದಲ್ಲಿ ತೇಲಿಬಂದು ಉತ್ತರ ದ್ವೀಪದ ನದಿಗಳಲ್ಲಿ ನೆಲೆಸಿರುವುದು 1990ರ ದಶಕದಲ್ಲಿ ಖಚಿತವಾಯಿತು.

ಆ ಮೂರನೆಯ ಜಾತಿಯ ತವರಾದ ಆಸ್ಟ್ರೇಲಿಯಾದಲ್ಲೂ ಇಂಥದೇ ಉದ್ಯಾನವಿದೆ. 1888ರಲ್ಲಿ ಉದ್ಘಾಟನೆಗೊಂಡ ಸಿಡ್ನಿಯ ಸೆಂಟೆನಿಯಲ್ ಪಾರ್ಕ್‌ನ ಕೊಳಗಳಿಂದ ಹಾವುಮೀನುಗಳು ಬಾಟನಿ ಕೊಲ್ಲಿಯ ಮೂಲಕ ನ್ಯೂ ಕ್ಯಾಲೆಡೋನಿಯಾದ ಕಡೆಗೆ ಪಯಣಿಸುತ್ತವೆ. ಅಲ್ಲಿ ಕಪ್ಪು ಹಂಸ ಮನೆಯ ಹಕ್ಕಿ, ಗೆಂಡೆ ಮೀನು ಹೊರಗಿನ ಪೀಡೆ. ಒಂದೇ ಹಂಸ ಸಿಡ್ನಿಯಲ್ಲಿ ಒಡೆಯ, ಆಕ್ಲೆಂಡ್‌ನಲ್ಲಿ ಅತಿಥಿ. ಆದ್ದರಿಂದ ಪರಿಸರತಜ್ಞರು ಕೇಳುವ ಪ್ರಶ್ನೆ, ಪ್ರಾಣಿ ಎಲ್ಲಿಂದ ಬಂತು ಎಂಬುದಷ್ಟೇ ಅಲ್ಲ. ಬಂದ ಮೇಲೆ ಏನು ಮಾಡುತ್ತಿದೆ ಎಂಬುದೂ ಹೌದು. ಹೊರಗಿನ ಹಂಸವನ್ನು ಕೆರೆ ಸಹಿಸಿಕೊಳ್ಳಬಹುದು; ಕೊಯ್ ಮೀನನ್ನು ಸಹಿಸಿಕೊಳ್ಳಲಾರದು.

<b>ನಮ್ಮ ಕೆರೆಗಳ ಕನ್ನಡಿ</b>

ಈ ಕಥೆ ದೂರದ ದ್ವೀಪದ್ದಾದರೂ ಪಾತ್ರಗಳು ಪರಿಚಿತವೇ. ಅಲ್ಲಿ ಪೀಡೆಯೆನಿಸಿದ ಗ್ಯಾಂಬೂಸಿಯಾವನ್ನು ಮಲೇರಿಯಾ ತಡೆಯಲೆಂದು ಕರ್ನಾಟಕದ ಬಾವಿ, ಕೆರೆಗಳಿಗೂ ಬಿಡಲಾಗಿದೆ. ಆಫ್ರಿಕಾದ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದರೂ ಅದು ನಮ್ಮ ನಗರಗಳ ಕೆರೆಗಳಲ್ಲಿ ಸಿಗುತ್ತಲೇ ಇದೆ. ಕಾವೇರಿಯಂಥ ನದಿಗಳನ್ನು ಸಮುದ್ರದಿಂದ ಏರಿಬರುವ ಹಾವುಮೀನು ಭಾರತದಲ್ಲೂ ಇದೆ. ಅದರ ಹಾದಿಗೂ ಅಣೆಕಟ್ಟೆಗಳು ಅಡ್ಡ ನಿಂತಿವೆ. ಕೆರೆಯೊಂದನ್ನು ‘ಅಭಿವೃದ್ಧಿ’ಪಡಿಸುವಾಗ ನಡೆದಾಡುವ ಹಾದಿ, ಕಾರಂಜಿ, ಬಾತುಗಳ ಬಗ್ಗೆ ಯೋಚಿಸುವಷ್ಟು ಕೋಡಿ ಮತ್ತು ರಾಜಕಾಲುವೆಗಳ ಬಗ್ಗೆ ಯೋಚಿಸುವುದಿಲ್ಲ. ನೀರಿನ ಜೀವಿಗಳ ಪಾಲಿಗೆ ಮುಖ್ಯವಾದದ್ದು ಅದೇ.

ಈ ಶರತ್ಕಾಲದ ಮಳೆಯ ರಾತ್ರಿಯಲ್ಲಿ ವೆಸ್ಟರ್ನ್ ಸ್ಪ್ರಿಂಗ್ಸ್‌ನಿಂದ ಹೊರಡುವ ಹೆಣ್ಣು ಹಾವುಮೀನು, ಪಾರ್ಕಿನಲ್ಲಿ ಇಂದು ಆಡುತ್ತಿರುವ ಮಕ್ಕಳ ತಂದೆತಾಯಿಗಳು ಹುಟ್ಟುವ ಮೊದಲೇ ಆ ಕೆರೆಗೆ ಬಂದಿದ್ದಿರಬಹುದು. ಅದರ ಮರಿಗಳು ಬಂದು ಸೇರಲು ನೀರೂ ದಾರಿಯೂ ಉಳಿದರೆ, ಆ ಕೆರೆಯ ಹಳೆಯ ಹೆಸರು ಅರ್ಥವುಳ್ಳ ಹೆಸರಾಗಿಯೇ ಉಳಿಯುತ್ತದೆ.

<b>ಸಂಕ್ಷಿಪ್ತ ನೋಟ</b>

ತಾಣ: ವೆಸ್ಟರ್ನ್ ಸ್ಪ್ರಿಂಗ್ಸ್ ಉದ್ಯಾನ, ಆಕ್ಲೆಂಡ್, ನ್ಯೂಜಿಲೆಂಡ್
ಮಾವೋರಿ ಹೆಸರು: ತೆ ವೈ ಓರೆಯಾ (ಹಾವುಮೀನುಗಳ ನೀರು)
ನೀರಿನ ಮೂಲ: ಲಾವಾ ಶಿಲೆಯೊಳಗಿನ ಒರತೆಗಳು
ಸಮುದ್ರದ ದಾರಿ: ಮೋಷನ್ಸ್ ಕ್ರೀಕ್, ವೈಟೆಮಟಾ ಬಂದರು
ಮುಖ್ಯ ಸ್ಥಳೀಯ ಮೀನು: ಉದ್ದರೆಕ್ಕೆ ಮತ್ತು ಗಿಡ್ಡರೆಕ್ಕೆಯ ಹಾವುಮೀನು
ಹೊರಗಿನಿಂದ ಬಂದ ಹಕ್ಕಿಗಳು: ಮಲ್ಲಾರ್ಡ್ ಬಾತು, ಕೆನಡಾ ಹೆಬ್ಬಾತು, ಕಪ್ಪು ಹಂಸ, ಪಾರಿವಾಳ, ಗೊರವಂಕ
ಈ ಪ್ರದೇಶದ ಉಪದ್ರವಿ ಮೀನುಗಳು: ಕೊಯ್, ಗ್ಯಾಂಬೂಸಿಯಾ, ಕಂದು ಕ್ಯಾಟ್‌ಫಿಶ್
ಹಾವುಮೀನಿನ ವಲಸೆಯ ಕಾಲ: ಫೆಬ್ರವರಿಯಿಂದ ಮೇ
ಸಂತಾನೋತ್ಪತ್ತಿ: ಜೀವಮಾನದಲ್ಲಿ ಒಮ್ಮೆ, ಉಷ್ಣವಲಯದ ಪೆಸಿಫಿಕ್ ಸಾಗರದಲ್ಲಿ